ಎರಡು ಗುಮ್ಮಟ, ಒಂದು ಬಟ್ಟಲು ಚಹಾ

ನನ್ನ ಸೋದರಮಾವ ಲಯೊನೆಲ್ ನಿವೃತ್ತ ದಂತವೈದ್ಯರು. ಜೀವಮಾನವೆಲ್ಲ ಅನ್ಯರ ಹಲ್ಲುಗಳನ್ನು ಉಜ್ಜಿ ಹೊಳೆಯಿಸಿದ ಅವರ ಕೈಗಳು ನಿವೃತ್ತಿಯ ಮರುದಿನ ಸುಮ್ಮನಿರಲು ಒಪ್ಪಲಿಲ್ಲ. ನೇರವಾಗಿ ಗ್ಯಾರೇಜಿಗೆ ಹೋಗಿ, ಅಲ್ಲಿ ನಿಂತಿದ್ದ ಕಡುಗೆಂಪು ಬಣ್ಣದ ಹಳೆಯ ಎಂಜಿಬಿ ಕಾರನ್ನು ಉಜ್ಜತೊಡಗಿದವು. ಬಂಪರು, ದೀಪಗಳ ಸುತ್ತಿನ ಉಂಗುರಗಳು, ಚಕ್ರಗಳ ತಂತಿಕಡ್ಡಿಗಳು, ಕೊನೆಗೆ ಎಂಜಿನ್ನಿನ ಪಕ್ಕದಲ್ಲಿ ಅವಳಿ ಮಕ್ಕಳಂತೆ ಕುಳಿತಿದ್ದ ಎರಡು ಕಾರ್ಬೊರೇಟರುಗಳ ಗುಮ್ಮಟದಂಥ ಮುಚ್ಚಳಗಳು, ಎಲ್ಲವೂ ಕನ್ನಡಿಗಳಾದವು. ಆ ಕಾರು ಓಡುವುದೊಂದನ್ನುಳಿದು ಮಿಕ್ಕೆಲ್ಲವನ್ನೂ ಚೆನ್ನಾಗಿ ಮಾಡುತ್ತಿತ್ತು. ಸ್ಟಾರ್ಟ್ ಆಗುತ್ತಿತ್ತು, ನಡುಗುತ್ತಿತ್ತು, ಚರ್ಚಿನವರೆಗಿನ ಸಮತಟ್ಟು ರಸ್ತೆಯಲ್ಲಿ ಗಂಭೀರವಾಗಿ ಸಾಗುತ್ತಿತ್ತು. ಮೊದಲ ಏರು ಎದುರಾದೊಡನೆ ಎರಡು ಬಾರಿ ಕೆಮ್ಮಿ ನಿಂತುಬಿಡುತ್ತಿತ್ತು. ಆಗ ಪಕ್ಕದ ಮನೆಯ ಕ್ಲೈವ್ ಬಂದು ಅದೇ ಮಾದರಿಯ ತಮ್ಮ ಹಸಿರು ಕಾರಿಗೆ ಹಗ್ಗ ಕಟ್ಟಿ ಅದನ್ನು ಮನೆಗೆ ಎಳೆದು ತರುತ್ತಿದ್ದರು.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು," ಎನ್ನುತ್ತಿದ್ದರು ಕ್ಲೈವ್, ಹಗ್ಗ ಬಿಚ್ಚುತ್ತ. "ಲಯೊನೆಲ್, ನಿನ್ನ ಕಾರಲ್ಲಿ ಮುಖ ನೋಡ್ಕೊಂಡು ಗಡ್ಡ ಬೋಳಿಸ್ಕೋಬಹುದು ಮಾರಾಯ. ಊರಿಗೆ ಹೋಗಕ್ಕೆ ಮಾತ್ರ ಬಸ್ಸೇ ಗತಿ."

ಭೌತಶಾಸ್ತ್ರದಲ್ಲಿ ಪದವಿ ಮುಗಿಸಿ, ಡಿಡ್‌ಕಾಟ್ ಬಳಿಯ ಪ್ರಯೋಗಾಲಯವೊಂದರಲ್ಲಿ ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ಕೆಲಸಕ್ಕೆ ನಾನು ಸೇರಿದಾಗ, ಮಾವನ ಮನೆಯ ಮಹಡಿಯ ಕೋಣೆ ನನ್ನದಾಯಿತು. ಮನೆಯೊಳಗೆ ಕಾಲಿಟ್ಟವರಿಗೆ ಮೊದಲು ಎದುರಾಗುವುದು ಹಜಾರದಲ್ಲಿ ನಿಂತ ಎದೆಯೆತ್ತರದ ಒಂದು ಉಕ್ಕಿನ ಪೀಪಾಯಿ. ಅದು ಹೆಸ್ಟರ್ ಅತ್ತೆಯ ಆವಿಗೆ. ಅತ್ತೆ ಕುಂಬಾರಿಕೆ ಮಾಡುತ್ತಾರೆ. ತಿಗರಿ ಅಡುಗೆಮನೆಯ ಹಿಂದಿನ ಕಿರುಕೋಣೆಯಲ್ಲಿದೆಯಾದರೂ, ಮಾಡಿದ್ದನ್ನು ಸುಡಲು ಹಸಿ ಬಟ್ಟಲುಗಳನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಆಕ್ಸ್‌ಫರ್ಡಿನ ಕಾಲೇಜಿಗೆ ಒಯ್ಯಬೇಕಾಗಿತ್ತು; ದಾರಿಯ ಒಂದೊಂದು ಗುಂಡಿಯೂ ಒಂದೊಂದು ಹಿಡಿಯನ್ನು ಮುರಿಯುತ್ತಿತ್ತು. ಕೊನೆಗೆ, ಕುಂಬಾರಿಕೆಯ ತರಗತಿ ಮುಚ್ಚುತ್ತಿದ್ದ ಶಾಲೆಯೊಂದರಿಂದ ಈ ವಿದ್ಯುತ್ ಆವಿಗೆಯನ್ನು ತಂದರು. ಅದನ್ನು ಹೂಡಲು ಗ್ಯಾರೇಜೊಂದೇ ತಕ್ಕ ಸ್ಥಳ. ಗ್ಯಾರೇಜಿನಲ್ಲಿ ಕಾರಿತ್ತು. ಹೀಗಾಗಿ ಆವಿಗೆ ಹಜಾರದಲ್ಲಿಯೇ ಉಳಿಯಿತು. ಬಂದವರು ಅದರ ಮೇಲೆ ಕೋಟು ಕಳಚಿಡುವ ರೂಢಿಯಾಯಿತು.

ಏಪ್ರಿಲ್ ತಿಂಗಳ ಒಂದು ಭಾನುವಾರ, ಬೆಳಗಿನ ತಿಂಡಿಯ ಮೇಜಿನಲ್ಲಿ ಅತ್ತೆ ಮಾತು ತೆಗೆದರು.

"ಕ್ಲೈವ್ ಕೇಳ್ತಿದ್ದಾನೆ."

"ಏನಂತೆ?" ಎಂದರು ಮಾವ, ಟೋಸ್ಟಿನ ಮೇಲೆ ಮಾರ್ಮಲೇಡ್ ಹರಡುತ್ತ.

"ನಿನ್ನ ಕಾರು. ಬಿಚ್ಚಿ, ಬಿಡಿಭಾಗಗಳನ್ನ ಇಟ್ಕೋತಾನಂತೆ. ಅವನ ಹಸಿರು ಕಾರಿಗೆ ಮುಂದೆ ಬೇಕಾಗುತ್ತಂತೆ."

ಮಾವನ ಚಾಕು ಅರ್ಧದಲ್ಲಿ ನಿಂತಿತು. "ಬಿಚ್ಚಿ?"

"ನೋಡು ಲಯೊನೆಲ್, ನಾನೇನು ರಾಕ್ಷಸಿಯಲ್ಲ. ಓಡೋ ಕಾರಾಗಿದ್ರೆ ನಾನು ಬಾಯಿ ತೆಗೀತಿರ್ಲಿಲ್ಲ. ಇದು ಕಾರಾ? ಬೆಳ್ಳಿ ಪಾತ್ರೆ ಇಡೋ ಬೀರು ಇದ್ದಂಗಿದೆ. ನನ್ನ ಆವಿಗೆ ಮೇಲೆ ಪಾದ್ರಿಗಳು ಛತ್ರಿ ಒಣಗಿಸ್ತಾರೆ, ಗೊತ್ತಾ?" ಅತ್ತೆ ಮಾತನಾಡುತ್ತಲೇ ನನ್ನ ಬಟ್ಟಲನ್ನೆತ್ತಿ, ನನ್ನ ಚಹಾವನ್ನು ಕುಡಿದು ಮುಗಿಸಿದರು. ಅದು ಅವರ ಅಭ್ಯಾಸ. ಕೈಗೆ ಸಿಕ್ಕ ಚಹಾ ಆರುವುದನ್ನು ಅವರು ಸಹಿಸುವುದಿಲ್ಲ. ಯಾರದೆಂದು ನೋಡುವುದೂ ಇಲ್ಲ. "ಒಂದು ಒಪ್ಪಂದ ಮಾಡ್ಕೊಳೋಣ. ಮೇ ತಿಂಗಳ ಚಹಾ ಏರಲ್ಲಿ ಲಾರ್ಕ್ ಹಿಲ್ಲನ್ನ ಹತ್ತಿಸು. ನಿಲ್ಲಬಾರದು, ಚೆಲ್ಲಬಾರದು. ಹತ್ತಿಸಿದ್ಯಾ, ಕಾರು ಇಲ್ಲೇ ಇರುತ್ತೆ. ಆಗಲಿಲ್ವಾ, ಸೋಮವಾರ ಕ್ಲೈವ್ ಹಗ್ಗ ತರ್ತಾನೆ. ಈ ಸಲ ಅವನ ಮನೆಗೆ ಎಳ್ಕೊಂಡು ಹೋಗ್ತಾನೆ."

"ಬಟ್ಟಲು ಹಿಡಿಯೋರು ಯಾರು?"

"ಇನ್ಯಾರು? ನಾನೇ."

"ಕಳ್ಳನ ಕೈಗೇ ಬೀಗದಕೈ ಕೊಟ್ಟಂಗಾಯ್ತು."

"ನಾನು ಮಾಡಿದ ಬಟ್ಟಲು ನನ್ನ ಕೈಯಲ್ಲಿ ತುಳುಕಲ್ಲ ಕಣಯ್ಯಾ. ತುಳುಕಿದ್ರೆ ಅದು ನಿನ್ನ ಕಾರಿಂದ."

ಚಹಾ ಏರು ನಮ್ಮ ಹಳೆಯ ಕಾರುಗಳ ಕ್ಲಬ್ಬಿನ ಬಹುಕಾಲದ ಪದ್ಧತಿ. ಮೇ ತಿಂಗಳ ಮೊದಲ ಭಾನುವಾರ, ಲಾರ್ಕ್ ಹಿಲ್ಲಿನ ಬುಡದಲ್ಲಿ, ಚಾಲಕರ ಪಕ್ಕ ಕುಳಿತವರ ಕೈಗೆ ಹಾಲು ಬೆರೆಸಿದ ಚಹಾ ತುಂಬಿದ ಬಟ್ಟಲೂ ಅದರಡಿಯ ತಟ್ಟೆಯೂ ಬರುತ್ತವೆ. ಕಾರು ಎಲ್ಲಿಯೂ ನಿಲ್ಲದೆ ತಿರುವುಗಳ ಏರನ್ನು ಹತ್ತಬೇಕು. ನೆತ್ತಿಯಲ್ಲಿ ಕ್ಲಬ್ಬಿನ ಅಧ್ಯಕ್ಷೆ ಶ್ರೀಮತಿ ಗಿಲ್ಬಿ ಉಳಿದ ಚಹಾವನ್ನು ಗಾಜಿನ ಅಳತೆಯ ಜಾಡಿಗೆ ಸುರಿದು ನೋಡುತ್ತಾರೆ. ಹೆಚ್ಚು ಉಳಿಸಿದವರಿಗೆ ಬಹುಮಾನ. ಬಟ್ಟಲು ಹಿಡಿಯುವವರು ಚಾಲಕರ ಮನೆಯವರೇ ಆಗಿರಬೇಕೆಂಬ ಕಟ್ಟಳೆಯೂ ಇದೆ. ಹೊರಗಿನವರಿಗೆ ಅವಕಾಶ ಕೊಟ್ಟರೆ ಯಾರಾದರೂ ಸರ್ಕಸ್ಸಿನವರನ್ನು ಕರೆತಂದಾರೆಂಬ ಶಂಕೆ. ಈ ಸ್ಪರ್ಧೆಯಲ್ಲಿ ವೇಗಕ್ಕೆ ಬೆಲೆಯಿಲ್ಲ. ಎಂಜಿನ್ ತಡವರಿಸದೆ, ಜಗ್ಗದೆ, ಒಂದೇ ಉಸಿರಿನಲ್ಲಿ ಎಳೆಯಬೇಕು.

ಅಂದು ಮಧ್ಯಾಹ್ನ ಮಾವ ನನ್ನನ್ನು ಗ್ಯಾರೇಜಿಗೆ ಕರೆದರು. ಬಾಗಿಲು ಮುಚ್ಚಿ, ಒಂದು ಮೃದುವಾದ ಬಟ್ಟೆಯನ್ನು ಕೈಯಲ್ಲಿ ತಿರುವುತ್ತ ನಿಂತರು.

"ರೊವೀನಾ, ನಿನಗೊಂದು ಮಾತು ಹೇಳ್ತೀನಿ, ನಗಬೇಡ. ನಾನು ಕನಸಲ್ಲಿ ಈ ಕಾರು ಓಡಿಸ್ತೀನಿ."

"ಅದರಲ್ಲಿ ನಗೋದೇನಿದೆ ಮಾವ?"

"ಕನಸಲ್ಲೂ ಏರು ಬಂದ ತಕ್ಷಣ ನಿಂತುಹೋಗುತ್ತೆ." ಅವರು ಬಾನೆಟ್ಟನ್ನು ಸವರಿದರು. "ಹಾಗಂತ ಕ್ಲೈವ್ ಕೈಗೆ ಕೊಟ್ಟು, ಅವನು ಸ್ಪ್ಯಾನರ್ ಹಿಡ್ಕೊಂಡು ಒಂದೊಂದೇ ಕಳಚೋದನ್ನ ಬೇಲಿ ಮೇಲಿಂದ ನೋಡೋದು ನನ್ನ ಕೈಲಾಗಲ್ಲ. ಪ್ಲಗ್ ಬದಲಾಯಿಸಿದೆ. ಕಾಯಿಲ್ ಬದಲಾಯಿಸಿದೆ. ಪೆಟ್ರೋಲ್ ಪಂಪು ಹೊಸದು. ಇನ್ನೇನು ಉಳಿದಿದೆ ಹೇಳು."

"ಕಾರ್ಬೊರೇಟರ್."

"ಅವಕ್ಕೇನಾಗಿದೆ? ನೋಡು, ಹೆಂಗೆ ಹೊಳೀತಿವೆ."

"ಹೊಳೆಯೋ ಹಲ್ಲೊಳಗೂ ಹುಳುಕು ಇರುತ್ತಲ್ಲ ಮಾವ?"

ದಂತವೈದ್ಯರು ಸ್ಪ್ಯಾನರ್ ಎತ್ತಿಕೊಟ್ಟರು.

ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಉಣಿಸುವ ಈ ಬಗೆಯ ಕಾರ್ಬೊರೇಟರಿನ ರಚನೆ ಸರಳವಾದುದು. ಗುಮ್ಮಟದೊಳಗೆ ಒಂದು ಪಿಸ್ಟನ್ ಇದೆ. ಎಂಜಿನ್ ಹೆಚ್ಚು ಗಾಳಿ ಎಳೆದಷ್ಟೂ ಅದು ಮೇಲೇರುತ್ತದೆ. ಅದರ ತಳದಿಂದ ಮೊನಚಾಗುತ್ತ ಇಳಿಯುವ ಒಂದು ಸೂಜಿ ಪೆಟ್ರೋಲಿನ ರಂಧ್ರದೊಳಗೆ ನಿಂತಿದೆ. ಪಿಸ್ಟನ್ ಏರಿದಂತೆ ಸೂಜಿಯೂ ಏರಿ, ರಂಧ್ರವನ್ನು ಗಾಳಿಗೆ ತಕ್ಕಷ್ಟು ತೆರೆಯುತ್ತದೆ. ಮೇಲಿನಿಂದ ಒಂದು ಸ್ಪ್ರಿಂಗ್ ಮೆಲ್ಲನೆ ಒತ್ತುತ್ತಿರುತ್ತದೆ. ಜೋಡಿ ಕಾರ್ಬೊರೇಟರುಗಳಿದ್ದಲ್ಲಿ ಎರಡೂ ಸಮನಾಗಿ ಉಸಿರಾಡಬೇಕು. ಒಂದು ಓಡುತ್ತಿರುವಾಗ ಮತ್ತೊಂದು ಆಕಳಿಸಿದರೆ ಎಂಜಿನ್ ಕೆಮ್ಮುತ್ತದೆ.

ಮೊದಲು ತಿಳಿಯಬೇಕಾದದ್ದು ಇವು ಯಾವ ಕಾರಿನವು ಎಂಬುದು. ಕಾರಿನ ಮೂಲ ಕಾರ್ಬೊರೇಟರುಗಳು ಸವೆದುಹೋಗಿದ್ದರಿಂದ, ಮಾವ ಹಳೆಯ ಬಿಡಿಭಾಗಗಳ ಸಂತೆಯೊಂದರಲ್ಲಿ ಈ ಎರಡನ್ನು ಕೊಂಡಿದ್ದರು.

"ಮಾರಿದವನು ಜೋಡಿ ಅಂದ," ಎಂದರು ಮಾವ.

"ಎಲ್ಲಾ ಮಾರೋರೂ ಜೋಡಿ ಅಂತಾರೆ. ಕಾರ್ಬೊರೇಟರ್ ಪಕ್ಕದ ಪೆಟ್ರೋಲ್ ಬಟ್ಟಲಿನ ಮುಚ್ಚಳದ ಸ್ಕ್ರೂ ಕೆಳಗೆ ಒಂದು ಪುಟ್ಟ ಲೋಹದ ಬಿಲ್ಲೆ ಇರುತ್ತೆ ಮಾವ, ಸಂಖ್ಯೆ ಒತ್ತಿರೋದು. ಅದು ನೋಡಿದ್ರೆ ಇದು ಯಾವ ಕಾರಿಗೆ ಮಾಡಿದ್ದು ಅಂತ ಗೊತ್ತಾಗುತ್ತೆ. ಎಲ್ಲಿ ಬಿಲ್ಲೆ?"

"ಅದಾ? ಹೊಳಪಿಗೆ ಅಡ್ಡ ಬರ್ತಿತ್ತು. ತೆಗೆದುಬಿಟ್ಟೆ."

"ಎಲ್ಲಿಟ್ಟಿದ್ದೀರಿ?"

ಮಾವ ಗ್ಯಾರೇಜಿನ ಸೂರನ್ನು ನೋಡಿದರು.

ಬಿಲ್ಲೆಗಳಿಲ್ಲದಿದ್ದಾಗ ಅಳತೆಗೆ ಮೊರೆಹೋಗಬೇಕು. ಗಾಳಿಯ ಕೊಳವೆಗಳ ಅಗಲವನ್ನು ಅಳೆದೆ: ಎರಡೂ ಒಂದೂವರೆ ಅಂಗುಲ. ಈ ಕಾರಿಗೆ ಬೇಕಾದದ್ದೂ ಅಷ್ಟೇ. ಆದರೆ ಅದೇ ಅಗಲದವನ್ನು ಬೇರೆ ಹಲವು ಕಾರುಗಳಿಗೂ ಹಾಕಿದ್ದಾರೆ. ಸ್ಪ್ರಿಂಗುಗಳ ತುದಿಗೆ ಅವುಗಳ ಬಲ ಸೂಚಿಸುವ ಬಣ್ಣ ಬಳಿದಿರುತ್ತಾರೆ. ಮಾವ ಅವನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಬಣ್ಣವನ್ನೆಲ್ಲ ಕಳೆದಿದ್ದರು. ಅಡುಗೆಮನೆಯ ತಕ್ಕಡಿಯನ್ನು ತಂದು, ಎರಡು ಸ್ಪ್ರಿಂಗುಗಳನ್ನೂ ಒಂದೇ ಎತ್ತರಕ್ಕೆ ಒತ್ತಿ ತೂಗಿದೆ. ಒಂದು ಇನ್ನೊಂದಕ್ಕಿಂತ ಬಹಳ ಗಡುಸಾಗಿತ್ತು. ಸೂಜಿಗಳನ್ನು ಬೆಳಕಿಗೆ ಹಿಡಿದಾಗ ಅವುಗಳ ಮೊನಚೂ ಬೇರೆ ಬೇರೆಯೆಂದು ಕಂಡಿತು. ಬುಡದಲ್ಲಿ ಕೊರೆದ ಗುರುತುಗಳನ್ನು ಹಿಂದೆಂದೋ ಯಾರೋ ಇಕ್ಕಳದಲ್ಲಿ ಹಿಡಿದು ಅಳಿಸಿಹಾಕಿದ್ದರು. ಹೀಗೆ, ಇವು ಜೋಡಿಯಲ್ಲ ಎಂಬುದು ಸಿದ್ಧವಾಯಿತು. ಯಾವುದು ನಮ್ಮದು, ಯಾವುದು ಪರಕೀಯ ಎಂಬುದು ತಿಳಿಯಲಿಲ್ಲ.

"ನನ್ನ ತಕ್ಕಡಿ ಎಲ್ಲಿ?" ಎಂಬ ಅತ್ತೆಯ ದನಿ ಅಡುಗೆಮನೆಯಿಂದ ಕೇಳಿಸಿತು.

"ವಿಜ್ಞಾನದ ಕೆಲಸಕ್ಕೆ ಹೋಗಿದೆ," ಎಂದರು ಮಾವ.

"ಕೇಕು ಉಬ್ಬದೇ ಹೋದ್ರೆ ವಿಜ್ಞಾನಕ್ಕೇ ತಿನ್ನಿಸ್ತೀನಿ."

ನಂತರ ಪಿಸ್ಟನ್ನುಗಳ ಪರೀಕ್ಷೆ. ಪಿಸ್ಟನ್ನಿನ ಸಣ್ಣ ತೂತುಗಳಿಗೆ ಮೇಣ ತುಂಬಿ, ಸ್ಪ್ರಿಂಗ್ ಇಲ್ಲದೆ ಗುಮ್ಮಟದೊಳಗೆ ಕೂರಿಸಿ, ತಲೆಕೆಳಗು ಮಾಡಿ ಪಿಸ್ಟನ್ನನ್ನು ಮಾತ್ರ ಹಿಡಿದುಕೊಂಡರೆ, ಗುಮ್ಮಟ ತನ್ನಷ್ಟಕ್ಕೆ ತಾನು ನಿಧಾನವಾಗಿ ಜಾರಿ ಇಳಿಯಬೇಕು. ಮೊದಲನೆಯದು ಕಲ್ಲಿನಂತೆ ದೊಪ್ಪನೆ ಮಾವನ ಅಂಗೈಗೆ ಬಿತ್ತು. ಎರಡನೆಯದು ಅರ್ಧಕ್ಕೆ ಬಂದು ಕಚ್ಚಿಕೊಂಡಿತು, ಅಲ್ಲಾಡಿಸಿದರೂ ಇಳಿಯಲಿಲ್ಲ. ನಾನು ಸ್ವಲ್ಪ ಹೊತ್ತು ಅವೆರಡನ್ನೂ ನೋಡಿದೆ. ಆಮೇಲೆ ಈ ಗುಮ್ಮಟದ ಪಿಸ್ಟನ್ನನ್ನು ಆ ಗುಮ್ಮಟಕ್ಕೂ ಅದರದನ್ನು ಇದಕ್ಕೂ ಹಾಕಿ ಪುನಃ ಪರೀಕ್ಷಿಸಿದೆ. ಎರಡು ಗುಮ್ಮಟಗಳೂ ಮೆಟ್ಟಿಲಿಳಿಯುವ ಜಮೀನ್ದಾರರಂತೆ ಸಾವಕಾಶವಾಗಿ, ಸಮನಾಗಿ ಇಳಿದುಬಂದವು.

"ಮಾವ, ಗುಮ್ಮಟ ಉಜ್ಜುವಾಗ ಎರಡನ್ನೂ ಒಟ್ಟಿಗೇ ಬಿಚ್ಚಿದ್ರಾ?"

"ಹೂಂ. ಒಂದೇ ಮಧ್ಯಾಹ್ನ, ಹೊಳಪು ಕೊಡೋ ಚಕ್ರದ ಮೇಲೆ. ಯಾಕೆ?"

"ಯಾವುದು ಎಲ್ಲಿಯದು ಅಂತ ಗುರುತು ಹಾಕ್ಲಿಲ್ವಾ?"

"ಗುರುತು ಹಾಕಿದ್ರೆ ಗೀರು ಬೀಳುತ್ತಲ್ಲಮ್ಮ."

ಕಾರ್ಖಾನೆಯಲ್ಲಿ ಒಂದೊಂದು ಪಿಸ್ಟನ್ನನ್ನೂ ಒಂದೊಂದು ಗುಮ್ಮಟಕ್ಕೆ ಒಪ್ಪಿಸಿ ಕಳಿಸುತ್ತಾರೆ. ನೋಡಲು ಒಂದೇ ತೆರನಾಗಿದ್ದರೂ ಅದಲುಬದಲು ಮಾಡುವಂತಿಲ್ಲ. ಇದನ್ನು ಮಾವನಿಗೆ ಹೇಗೆ ತಿಳಿಸಲಿ ಎಂದು ಯೋಚಿಸಿದೆ.

"ಇಬ್ಬರು ಅಜ್ಜಿಯರ ಹಲ್ಲಿನ ಸೆಟ್ಟು ತೊಳೆದು, ಇವರದ್ದು ಅವರಿಗೆ, ಅವರದ್ದು ಇವರಿಗೆ ಹಾಕಿದಂಗೆ ಮಾವ."

ಮಾವ ಮುಖ ಮುಚ್ಚಿಕೊಂಡರು. "ಅಯ್ಯೋ. ಇಷ್ಟು ವರ್ಷ ಪಾಪ, ಇವು ಅಗಿದಿದ್ದಾದ್ರೂ ಹೆಂಗೆ?"

ಅದಲುಬದಲನ್ನು ಸರಿಪಡಿಸಿ, ಸವೆದ ಸರಳುಗಳನ್ನೂ, ಗಾಳಿ ಸೋರದಂತೆ ತಡೆಯುವ, ಈಗ ಗಡುಸಾಗಿದ್ದ ಗ್ಯಾಸ್ಕೆಟ್ಟುಗಳನ್ನೂ ಬದಲಾಯಿಸಿ, ಮುಂದಿನ ಭಾನುವಾರ ಕಾರನ್ನು ಹೊರತೆಗೆದೆವು. ನಡುಕ ನಿಂತಿತ್ತು. ಮಾವ ಚರ್ಚಿನವರೆಗೆ ಶಿಳ್ಳೆ ಹಾಕುತ್ತ ಓಡಿಸಿದರು. ಚರ್ಚಿನಾಚೆಯ ಏರಿನಲ್ಲಿ ಅರ್ಧ ದೂರ ಹತ್ತಿ, ಶಿಳ್ಳೆಯೂ ಎಂಜಿನ್ನೂ ಒಟ್ಟಿಗೆ ನಿಂತವು. ಸೂಜಿಯೂ ಸ್ಪ್ರಿಂಗೂ ಬೇರೆಯಾಗಿರುವ ತನಕ ಎರಡು ಮೂಗುಗಳ ಉಸಿರು ಒಂದಾಗುವುದಿಲ್ಲ. ಕ್ಲೈವ್ ಹಗ್ಗದೊಡನೆ ಬಂದರು.

"ಅರ್ಧ ಹತ್ತಿತಲ್ಲ, ಪರವಾಗಿಲ್ಲ," ಎಂದರು ಅವರು. "ಇನ್ನರ್ಧಕ್ಕೆ ನಾನಿದ್ದೀನಿ. ಲಯೊನೆಲ್, ಬೇಜಾರು ಮಾಡ್ಕೋಬೇಡ, ಬಾಗಿಲುಗಳನ್ನ ನಾನು ಚೆನ್ನಾಗಿ ನೋಡ್ಕೋತೀನಿ."

ಮಾವ ಅಂದು ಚಹಾದ ಹೊತ್ತಿಗೆ ತಮ್ಮ ಬಟ್ಟಲನ್ನು ಮುಟ್ಟದೆ ತಲೆ ತಗ್ಗಿಸಿ ಕುಳಿತಿದ್ದರು. ನಾನು ಒಂದು ಕಾರ್ಬೊರೇಟರನ್ನು ಮೇಜಿನ ಮೇಲೆ ಪತ್ರಿಕೆ ಹಾಸಿ ಇಟ್ಟುಕೊಂಡು ನೋಡುತ್ತಿದ್ದೆ. ಅತ್ತೆ ತಮ್ಮ ಚಹಾ ಮುಗಿಸಿ, ಮಾವನದನ್ನೂ ಮುಗಿಸಿ, ಬಟ್ಟಲನ್ನು ಬೋರಲು ಹಾಕಿದರು. ಬಟ್ಟಲಿನ ತಳದಲ್ಲಿ ಮೆರುಗಿನಡಿ ಉಬ್ಬಿ ನಿಂತ ಒಂದು ಮುದ್ರೆಯಿತ್ತು: ಮೂರು ಮೂಲೆಯ ಅಂಚು, ಒಂದು ಮೂಲೆಯಲ್ಲಿ ತೂತು, ನಡುವೆ ತಿರುಗುಮುರುಗಾದ ಅಕ್ಷರಗಳು.

"ಅತ್ತೆ, ಇದೇನಿದು?"

"ನನ್ನ ಮುದ್ರೆ. ಕುಂಬಾರರು ತಳಕ್ಕೆ ಒತ್ತುತ್ತಾರಲ್ಲ, ನಮ್ಮ ಕೈದು ಅಂತ."

"ಯಾವುದರಿಂದ ಒತ್ತಿದ್ರಿ?"

"ಯಾವುದೋ ತಗಡಿನ ಚೂರು. ನಿಮ್ಮ ಮಾವ ಬಟನ್ ಡಬ್ಬಿಗೆ ಹಾಕಿದ್ದ. ಎರಡಿದ್ವು. ನೋಡಕ್ಕೆ ಮುದ್ದಾಗಿದ್ವು. ಆಮೇಲೆ ಜೇಡಿಮಣ್ಣಲ್ಲಿ ಎಲ್ಲೋ ಕಲಸಿಹೋದ್ವು."

ಮಾವ ತಲೆಯೆತ್ತಿದರು. ನಾನು ಬಟ್ಟಲನ್ನೆತ್ತಿ ಹಿಡಿದೆ. ಬಿಲ್ಲೆಯಲ್ಲಿ ತಗ್ಗಾಗಿ ಒತ್ತಿದ ಸಂಖ್ಯೆ ಮಣ್ಣಿನಲ್ಲಿ ಉಬ್ಬಾಗಿ, ಎಡಬಲವಾಗಿ ಮೂಡಿತ್ತು. ಓದಲು ಕನ್ನಡಿ ಬೇಕು. ಕನ್ನಡಿ ಎದುರಿಗೇ ಇತ್ತು. ಬಟ್ಟಲಿನ ತಳವನ್ನು ಕಾರ್ಬೊರೇಟರಿನ ಗುಮ್ಮಟದ ಎದುರು ಹಿಡಿದೆ. ಮಾವ ವರ್ಷಗಟ್ಟಲೆ ಉಜ್ಜಿದ ಆ ಮೈಯಲ್ಲಿ ಸಂಖ್ಯೆ ಪುಟ್ಟದಾಗಿ, ಸ್ಪಷ್ಟವಾಗಿ, ನೇರವಾಗಿ ಕಾಣಿಸಿತು.

"ನೋಡಿದ್ರಾ? ಹೊಳಪು ಉಪಯೋಗಕ್ಕೆ ಬರಲ್ಲ ಅಂತಿದ್ರಿ," ಎಂದರು ಮಾವ.

ಕಪಾಟಿನಲ್ಲಿದ್ದ ಬಟ್ಟಲುಗಳನ್ನೆಲ್ಲ ಇಳಿಸಿ ಬೋರಲು ಹಾಕಿದೆವು. ಕೆಲವಕ್ಕೆ ಒಂದು ಸಂಖ್ಯೆ, ಕೆಲವಕ್ಕೆ ಇನ್ನೊಂದು. ಜೋಡಿಯಾಗಿದ್ದರೆ ಎರಡೂ ಒಂದೇ ಇರಬೇಕಾಗಿತ್ತು. ಶ್ರೀಮತಿ ಗಿಲ್ಬಿಯವರ ಬಳಿ ಈ ಸಂಖ್ಯೆಗಳ ಹಳೆಯ ಕೈಪಿಡಿಗಳಿವೆ. ಅವರಿಗೆ ಫೋನ್ ಮಾಡಿದೆ.

"ಮೊದಲನೇದು ನಿಮ್ಮ ಕಾರಿಂದೇ ಕಣಮ್ಮ," ಎಂದರು ಅವರು, ಪುಟ ತಿರುವುವ ಸದ್ದಿನ ನಡುವೆ. "ಎರಡನೇದು... ಇರು... ಇದು ಸಂಸಾರಸ್ಥರ ಕಾರು. ಒಂದೇ ಕಾರ್ಬೊರೇಟರು. ಮಕ್ಕಳನ್ನ ಸ್ಕೂಲಿಗೆ ಬಿಡೋ ಗಾಡಿ. ಮೈ ಅದೇ, ಒಳಗಿನ ಸೂಜಿ ಬೇರೆ, ಸ್ಪ್ರಿಂಗ್ ಬೇರೆ. ನಿಮ್ಮದಕ್ಕೆ ಬೇಕಾದ ಸೂಜಿ ಎರಡು, ಕೆಂಪು ಸ್ಪ್ರಿಂಗ್ ಎರಡು ನನ್ನ ಹತ್ರ ಇವೆ, ಕಳಿಸ್ತೀನಿ. ಆದ್ರೆ ಈ ಸಂಖ್ಯೆ ನಿನಗೆಲ್ಲಿ ಸಿಕ್ತು? ಬಿಲ್ಲೆ ಇಲ್ಲ ಅಂತ ಲಯೊನೆಲ್ ಗೋಳಾಡ್ತಿದ್ದ."

"ಚಹಾ ಬಟ್ಟಲಿನ ತಳದಲ್ಲಿ."

ಆ ಕಡೆ ಕೈಪಿಡಿ ಮುಚ್ಚಿದ ಸದ್ದು. "ನಿಮ್ಮ ಮನೇಲಿ ಏನು ಬೇಕಾದ್ರೂ ಆಗುತ್ತೆ," ಎಂದು ಫೋನ್ ಇಟ್ಟರು.

ಅತ್ತೆ ಬಟ್ಟಲುಗಳನ್ನು ಒಂದೊಂದಾಗಿ ಕಪಾಟಿಗೆ ಮರಳಿಸುತ್ತಿದ್ದರು. "ಚೆನ್ನಾಗಾಯ್ತು. ನಾನು ಮಾಡಿದ ಬಟ್ಟಲು ನನಗೇ ವಿರುದ್ಧವಾಗಿ ಸಾಕ್ಷಿ ಹೇಳ್ತು." ಆಮೇಲೆ ಹಜಾರದ ಕಡೆ ನೋಡಿದರು. ಆವಿಗೆಯ ಮೇಲೆ ಯಾರದೋ ಮಫ್ಲರ್ ತೂಗುತ್ತಿತ್ತು. "ಹೋಗ್ಲಿ ಬಿಡು. ಗೆದ್ದರೆ ನ್ಯಾಯವಾಗಿ ಗೆಲ್ಲಲಿ."

ಸೂಜಿಗಳು ಬಂದವು. ಕೂರಿಸುವ ಮುನ್ನ ಮಾವ ನನ್ನ ಕೈಯಿಂದ ಗುಮ್ಮಟಗಳನ್ನು ತೆಗೆದುಕೊಂಡು, ಒಂದು ಉಕ್ಕಿನ ಮೊಳೆಯನ್ನೂ ಪುಟ್ಟ ಸುತ್ತಿಗೆಯನ್ನೂ ತಂದರು. ಹಲ್ಲು ಕೀಳುವ ಮುನ್ನ ರೋಗಿಗಳ ಮುಖದಲ್ಲಿ ಅವರು ಕಂಡಿದ್ದ ಭಾವವೇ ಈಗ ಅವರ ಮುಖದಲ್ಲಿತ್ತು. ಮುಂದಿನ ಗುಮ್ಮಟದ ಅಂಚಿನಲ್ಲಿ ಒಂದು ಚುಕ್ಕಿ, ಹಿಂದಿನದರ ಅಂಚಿನಲ್ಲಿ ಎರಡು ಚುಕ್ಕಿ; ಅವುಗಳ ಪಿಸ್ಟನ್ನುಗಳಿಗೂ ಹಾಗೆಯೇ.

"ನೋವಾಯ್ತಾ ಮಾವ?"

"ಅದಕ್ಕೋ, ನನಗೋ?"

ಕಡೆಯ ಹಂತ ಎರಡರ ಉಸಿರನ್ನು ಸಮ ಮಾಡುವುದು. ಪ್ರಯೋಗಾಲಯದಿಂದ ಗಾಳಿಯ ಹರಿವು ಅಳೆಯುವ ಯಂತ್ರವನ್ನು ತರಬಹುದಾಗಿತ್ತು. ಆದರೆ ನಮ್ಮಲ್ಲಿ ಎಲ್ಲರೂ ಈ ಕೆಲಸಕ್ಕೆ ಬಳಸುವುದು ತೋಟಕ್ಕೆ ನೀರು ಹಾಯಿಸುವ ರಬ್ಬರ್ ಕೊಳವೆಯ ಒಂದು ತುಂಡು. ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬೊರೇಟರಿನ ಬಾಯಿಗೆ. ಎರಡರ ಸಿಳ್ಳೂ ಒಂದೇ ಆಗುವವರೆಗೆ ಸ್ಕ್ರೂ ತಿರುಗಿಸಬೇಕು. ಮಾವನಿಗೆ ಎರಡೂ ಒಂದೇ ಕೇಳಿಸಿತು. ಎಷ್ಟೋ ವರ್ಷ ಹಲ್ಲು ಕೊರೆಯುವ ಯಂತ್ರದ ಪಕ್ಕ ನಿಂತ ಕಿವಿ ಅದು. ತಕ್ಕಡಿ ಹುಡುಕಿಕೊಂಡು ಬಂದ ಅತ್ತೆಯ ಕೈಗೆ ನಾನು ಕೊಳವೆ ಕೊಟ್ಟೆ.

ಅತ್ತೆ ಬಗ್ಗಿ ಆಲಿಸಿದರು. "ಮುಂದಿನದು ಹಾವು. ಹಿಂದಿನದು ನಿನ್ನ ಮಾವನ ಗೊರಕೆ."

ನಾನು ಹಿಂದಿನದರ ಸ್ಕ್ರೂ ತುಸು ತಿರುಗಿಸಿದೆ.

"ಈಗ ಎರಡೂ ಗೊರಕೆ... ಇನ್ನೂ ಸ್ವಲ್ಪ... ಹಾಂ. ಎರಡೂ ಹಾವು. ಸಾಕು, ಮುಟ್ಟಬೇಡ." ಅವರು ನೆಟ್ಟಗಾಗಿ, ಕೊಳವೆಯನ್ನು ನೋಡಿ, ಮಾವನನ್ನು ನೋಡಿದರು. "ನನ್ನ ಗ್ಯಾರೇಜನ್ನ ನಾನೇ ಕೈಯಾರೆ ಕಳ್ಕೋತಿದ್ದೀನಿ ಅನ್ಸುತ್ತೆ."

ಮೇ ತಿಂಗಳ ಭಾನುವಾರ ಆಕಾಶ ಶುಭ್ರವಾಗಿತ್ತು. ಇಬ್ಬರೇ ಕೂರುವ ಕಾರಾದ್ದರಿಂದ ನಾನು ಮೊದಲೇ ನೆತ್ತಿಗೆ ಹೋಗಿ ಶ್ರೀಮತಿ ಗಿಲ್ಬಿಯವರ ಮೇಜಿನ ಬಳಿ ನಿಂತೆ. ಕ್ಲೈವ್ ಆಗಲೇ ಹತ್ತಿ ಬಂದಿದ್ದರು. ಅವರ ಮಗಳು ಹಿಡಿದ ಬಟ್ಟಲಿನಲ್ಲಿ ಮುಕ್ಕಾಲು ಪಾಲು ಉಳಿದಿತ್ತು. ಅಲ್ಲಿಯವರೆಗೆ ಅದೇ ಹೆಚ್ಚು. ಅವರ ಕಾರಿನ ಸೀಟುಗಳ ಹಿಂದಿನ ಜಾಗದಲ್ಲಿ ಹಗ್ಗ ಸುರುಳಿ ಸುತ್ತಿ ಮಲಗಿತ್ತು.

"ಕೆಳಗಿಂದ ಯಾರು ಬರ್ತಿದ್ದಾರೆ?" ಎಂದು ಗಿಲ್ಬಿ ಕೇಳಿದರು.

ಮರಗಳ ಮರೆಯಲ್ಲಿ ಕಾರು ಕಾಣುತ್ತಿರಲಿಲ್ಲ. ಸದ್ದು ಮಾತ್ರ ಬರುತ್ತಿತ್ತು. ಮೊದಲ ತಿರುವಿನಲ್ಲಿ ಅದು ಕೊಂಚ ದಪ್ಪವಾಯಿತು. ಎರಡನೆಯದರ ಬಳಿ ರಸ್ತೆ ಗೋಡೆಯಂತೆ ನೆಟ್ಟಗಾಗುತ್ತದೆ. ಈ ಬಾರಿಯೂ ಹಗ್ಗ ಬೇಕಾಗುವುದಾದರೆ ಅಲ್ಲಿಯೇ. ನಾನು ಕೆಮ್ಮಿಗಾಗಿ ಕಿವಿಗೊಟ್ಟೆ. ಸದ್ದು ಆಳವಾಯಿತು, ಅಷ್ಟೇ. ಒಡೆಯಲಿಲ್ಲ, ಜಗ್ಗಲಿಲ್ಲ, ಒಂದೇ ಎಳೆಯಾಗಿ ಬೆಟ್ಟದ ಮೈಯನ್ನು ಸುತ್ತಿ ಮೇಲೇರಿ ಬಂತು. ಕ್ಲೈವ್ ತಲೆ ಓರೆ ಮಾಡಿ ಕೇಳುತ್ತಿದ್ದರು.

"ಇದು ಲಯೊನೆಲ್ ಕಾರಲ್ಲ," ಎಂದರು.

ಕೊನೆಯ ತಿರುವಿನಿಂದ ಕೆಂಪು ಕಾರು ಹೊರಬಿತ್ತು. ಮಾವ ಎರಡು ಕೈಯಲ್ಲೂ ಸ್ಟೀರಿಂಗ್ ಚಕ್ರ ಹಿಡಿದು, ಬಾಯಿ ತುಸು ತೆರೆದು, ಮುಂದೆ ನೋಡುತ್ತಿದ್ದರು. ಅತ್ತೆ ಬಲಗೈಯಲ್ಲಿ ಬಟ್ಟಲು, ಎಡಗೈಯಲ್ಲಿ ತಟ್ಟೆ ಹಿಡಿದು, ಸೋಫಾದಲ್ಲಿ ಕುಳಿತವರಂತೆ ಕಣಿವೆಯ ಕಡೆ ತಿರುಗಿದ್ದರು. ಕಾರು ಮೇಜಿನ ಬಳಿ ಬಂದು ಮೆಲ್ಲನೆ ನಿಂತಿತು. ಮಾವ ಎಂಜಿನ್ ಆರಿಸಲಿಲ್ಲ. ಅದು ಬೆಕ್ಕಿನಂತೆ ಗುರುಗುಡುತ್ತ ಉಳಿಯಿತು.

ಗಿಲ್ಬಿ ಬಟ್ಟಲನ್ನು ತೆಗೆದುಕೊಂಡು ಜಾಡಿಯ ಮೇಲೆ ಬಗ್ಗಿಸಿದರು. ಒಂದೇ ಒಂದು ಹನಿ ಅಂಚಿನವರೆಗೆ ಬಂದು, ಯೋಚಿಸಿ, ಅಲ್ಲೇ ಉಳಿಯಿತು.

"ಖಾಲಿ," ಎಂದರು ಗಿಲ್ಬಿ.

ಎಲ್ಲರೂ ಅತ್ತೆಯನ್ನು ನೋಡಿದರು. ಅತ್ತೆ ಬಟ್ಟಲನ್ನು ನೋಡಿದರು. ಅವರ ಮುಖ ನಿಧಾನವಾಗಿ ಕೆಂಪೇರಿತು.

"ಅಯ್ಯೋ ದೇವರೇ. ಕುಡಿದುಬಿಟ್ಟೆ."

"ಕುಡಿದ್ರಾ?"

"ಎರಡನೇ ತಿರುವಲ್ಲಿ ನದಿ ಕಾಣಿಸ್ತು. ಎಷ್ಟು ಚೆನ್ನಾಗಿತ್ತು. ಮನೇಲಿ ಕಿಟಕಿ ಪಕ್ಕ ಕೂತಂಗೇ ಇತ್ತು ಗಿಲ್ಬಿ, ಕಾರಲ್ಲಿದ್ದೀನಿ ಅನ್ನೋದೇ ಮರೆತುಹೋಯ್ತು. ಕೈಯಲ್ಲಿ ಚಹಾ ಇತ್ತು. ಆರಿಹೋಗ್ತಿತ್ತು."

ಮಾವ ಎಂಜಿನ್ ಆರಿಸಿದರು. ಬೆಟ್ಟದ ಮೇಲೆ ಬಾನಾಡಿಗಳ ಹಾಡು ಒಮ್ಮೆಗೇ ಜೋರಾಗಿ ಕೇಳಿಸಿತು.

"ನಿಯಮ ನಿಯಮವೇ," ಎಂದರು ಗಿಲ್ಬಿ, ಬೇಸರದಿಂದ. "ಜಾಡೀಲಿ ಏನಿದೆಯೋ ಅದನ್ನಷ್ಟೇ ನಾನು ನೋಡೋದು. ಹೊಟ್ಟೇಲಿರೋದನ್ನ ಅಳೆಯೋ ಜಾಡಿ ನನ್ನ ಹತ್ರ ಇಲ್ಲ. ಬಹುಮಾನ ಕ್ಲೈವ್‌ಗೆ."

ಮಾವ ಕೀಲಿಯನ್ನು ತೆಗೆದು, ಒಂದು ಕ್ಷಣ ಹೆಬ್ಬೆರಳಿನಿಂದ ಉಜ್ಜಿ, ಕ್ಲೈವ್ ಕಡೆಗೆ ಚಾಚಿದರು. "ಮಾತು ಅಂದ್ರೆ ಮಾತು. ಬಾಗಿಲು ಜೋಪಾನ."

ಕ್ಲೈವ್ ಕೈ ಚಾಚಲಿಲ್ಲ. ಅವರು ನೆಲ ನೋಡುತ್ತ, "ಓಡೋ ಕಾರನ್ನ ಬಿಚ್ಚೋನು ನಾನಲ್ಲಪ್ಪಾ," ಎಂದು ಗೊಣಗಿದರು. "ಪಾಪ ಸುತ್ಕೊಳ್ಳುತ್ತೆ."

"ಕೀಲಿ ಒಳಗಿಡು ಲಯೊನೆಲ್," ಎಂದರು ಅತ್ತೆ. "ನಿನ್ನ ಒಪ್ಪಂದ ಗಿಲ್ಬಿ ಜೊತೆಗಾ, ನನ್ನ ಜೊತೆಗಾ? ನಿಲ್ಲಬಾರದು ಅಂದಿದ್ದೆ, ಚೆಲ್ಲಬಾರದು ಅಂದಿದ್ದೆ. ಎಲ್ಲಿ ನಿಂತಿತು? ಎಲ್ಲಿ ಚೆಲ್ತು?" ಅವರು ತಟ್ಟೆಯನ್ನೂ ಲಂಗವನ್ನೂ ಎಲ್ಲರಿಗೂ ತೋರಿಸಿದರು. ಎರಡೂ ಒಣಗಿದ್ದವು. "ಕಾರು ಇರುತ್ತೆ."

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. ಸಾಕಷ್ಟು ಹೊತ್ತು ಒರೆಸಿದರು.

"ಆದ್ರೆ ಗ್ಯಾರೇಜಿಂದ ಆಚೆ," ಎಂದು ಅತ್ತೆ ಮುಂದುವರಿಸಿದರು. "ಓಡದೇ ಇರೋ ಕಾರಿಗೆ ತಾನೇ ಸೂರು ಬೇಕು, ಮುದುಕರ ಥರ? ಓಡೋ ಕಾರು ಬೀದೀಲಿರುತ್ತೆ."

ಸೋಮವಾರ, ಹೇಳಿದ್ದಂತೆಯೇ, ಕ್ಲೈವ್ ಹಗ್ಗ ತಂದರು. ಅದನ್ನು ಆವಿಗೆಗೆ ಬಿಗಿದು, ನಾಲ್ವರೂ ಸೇರಿ ಹಜಾರದಿಂದ ಗ್ಯಾರೇಜಿಗೆ ಎಳೆದೆವು. ಕಾರು ಈಗ ಸೇಬಿನ ಮರದ ಕೆಳಗೆ ಕ್ಯಾನ್ವಾಸ್ ಹೊದ್ದು ನಿಲ್ಲುತ್ತದೆ. ಗುಮ್ಮಟಗಳು ತುಸು ಮಬ್ಬಾಗಿವೆ. ಮಾವನಿಗೆ ಉಜ್ಜಲು ಬಿಡುವಿಲ್ಲ, ಏಕೆಂದರೆ ಜೇಡಿಮಣ್ಣು ತರಲು ವಾರಕ್ಕೊಮ್ಮೆ ಲಾರ್ಕ್ ಹಿಲ್ ದಾಟಿ ಹೋಗಬೇಕು.

ಮೊದಲ ಬಾರಿ ಮಣ್ಣು ತರಲು ಹೊರಟಾಗ ಅತ್ತೆ ಕೀಲಿಯನ್ನು ಮಾವನ ಕೈಯಿಂದ ತೆಗೆದುಕೊಂಡು, ಬದಲಿಗೆ ಒಂದು ತುಂಬಿದ ಬಟ್ಟಲನ್ನು ಇಟ್ಟರು. "ಈ ಸಲ ನಾನು ಓಡಿಸ್ತೀನಿ. ನೀನು ಹಿಡ್ಕೋ."

ಅವರು ಮರಳಿದಾಗ ಬಟ್ಟಲು ಖಾಲಿಯಾಗಿತ್ತು. ಮಾವನ ಅಂಗಿ, ಪ್ಯಾಂಟು, ಒಂದು ಬೂಟು ಚಹಾದ ಬಣ್ಣಕ್ಕೆ ತಿರುಗಿದ್ದವು. ನಾನು ಬಾನೆಟ್ ತೆರೆದು, ರಬ್ಬರ್ ಕೊಳವೆ ಹಿಡಿದು ಎರಡು ಕಾರ್ಬೊರೇಟರುಗಳನ್ನೂ ಆಲಿಸಿದೆ. ಎರಡೂ ಹಾವುಗಳೇ. ದೋಷ ಅವುಗಳದ್ದಲ್ಲ ಎಂದು ನಾನು ಖಚಿತವಾಗಿ ಹೇಳಬಲ್ಲೆ.